ನೂಲಿನಲ್ಲಿ ಇಳಿದ ವಿಮಾನ

ಹದ್ದಣ್ಣ ಚಹಾ ಸುರಿದನು. ಲೋಟ ಮಾತ್ರ ಪಕ್ಕದಲ್ಲಿತ್ತು.

ಅಡುಗೆಮನೆಯ ಮೇಜಿನ ಮೇಲೆ ಬಿಸಿ ಚಹಾ ಹಳ್ಳವಾಗಿ ಹರಿದು, ಅಂಚಿನಿಂದ ತೊಟ್ಟಿಕ್ಕಿ, ಅವನ ಪಾದದ ಮೇಲೆಯೇ ಬಿದ್ದಿತು. ಹೆಂಡತಿ ಹೊಲಿಗೆ ಯಂತ್ರದ ಮುಂದಿನಿಂದ ಎದ್ದು ಬಂದು ಒರೆಸುವ ಬಟ್ಟೆಯನ್ನು ಅವನತ್ತ ಎಸೆದಳು. ಅವನು ಹಿಡಿಯಲು ಕೈ ಚಾಚಿದನು. ಬಟ್ಟೆ ಕೈಗೆ ಸಿಗದೆ ಮುಖಕ್ಕೆ ಬಡಿಯಿತು.

"ಕಾಲು ಸುಟ್ಟಿತಾ?"

"ಇಲ್ಲ."

"ಮತ್ತೆ ಕುಣಿದ್ರಲ್ಲ?"

"ನನ್ನ ಮನೇಲಿ ನಾನು ಕುಣಿಯೋಕೂ ನಿನ್ನ ಅಪ್ಪಣೆ ಬೇಕಾ?"

ಅವಳು ಮುಖ ತಿರುಗಿಸಿ ನಕ್ಕಳು. ಎದುರಿಗೇ ನಗಬಾರದೆಂಬ ತಿಳಿವಳಿಕೆ ಅವಳಿಗಿತ್ತು. ಅವನಿಗೆ ನಗು ಬರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಗಾದೆಯನ್ನು ಎಲ್ಲರೂ ಉಪಮೆಯಾಗಿ ಬಳಸುತ್ತಾರೆ. ಹದ್ದಣ್ಣನ ಪಾಲಿಗೆ ಆ ದಿನಗಳಲ್ಲಿ ಅದು ಅಕ್ಷರಶಃ ನಿಜವಾಗಿತ್ತು.

ಹದ್ದಣ್ಣ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಊರ ಹೊರಗೆ ರೈಲುಹಳಿಯ ಪಕ್ಕದ ಉಕ್ಕಿನ ಗೋದಾಮಿನಲ್ಲಿ ಅವನು ಕ್ರೇನ್ ನಡೆಸುತ್ತಿದ್ದನು. ಸೂರಿನ ಕೆಳಗೆ ಈ ತುದಿಯಿಂದ ಆ ತುದಿಗೆ ಓಡಾಡುವ ಭಾರಿ ಕ್ರೇನು. ಅದರ ಹೊಟ್ಟೆಗೆ ಅಂಟಿಕೊಂಡ ಗಾಜಿನ ಗೂಡಿನಂಥ ಒಂದು ಕ್ಯಾಬಿನ್ನು. ಬೆಳಿಗ್ಗೆ ಕಬ್ಬಿಣದ ಏಣಿ ಹತ್ತಿ ಅದರೊಳಗೆ ಕುಳಿತನೆಂದರೆ, ಪಾದದ ಬಳಿಯ ಗಾಜಿನಲ್ಲಿ ಇಡೀ ಗೋದಾಮು ತಟ್ಟೆಯಲ್ಲಿ ಬಡಿಸಿಟ್ಟಂತೆ ಕಾಣುತ್ತಿತ್ತು. ಆನೆಯ ತೂಕದ ಉಕ್ಕಿನ ಸುರುಳಿಗಳನ್ನು ಅವನು ತೊಟ್ಟಿಲಿಗೆ ಕೂಸನ್ನು ಇಳಿಸುವ ಹಾಗೆ ಲಾರಿಯ ಮೇಲೆ ಇಳಿಸುತ್ತಿದ್ದನು. ಲಾರಿ ಚಾಲಕರು ಒಳಗೆ ಕುಳಿತು ಬೀಡಿ ಸೇದುತ್ತಿದ್ದವರು, "ಇಟ್ಟಾಯ್ತಾ? ಗೊತ್ತೇ ಆಗ್ಲಿಲ್ಲ!" ಎಂದು ಕೆಳಗಿಳಿದು ನೋಡುತ್ತಿದ್ದರು. ಮೇಲಿನಿಂದ ಎಲ್ಲವನ್ನೂ ನೋಡುವವನಾದ್ದರಿಂದ ಹದ್ದು; ವಯಸ್ಸಿನ ಗೌರವಕ್ಕೆ ಅಣ್ಣ.

ಕೆಳಗೆ ನೆಲದ ಮೇಲೆ ನಿಂತು ಸನ್ನೆ ಕೊಡುತ್ತಿದ್ದವನು ಅವನ ಭಾವ, ಅಂದರೆ ಹೆಂಡತಿಯ ಅಣ್ಣ. ಮೊದಲು ಜೊತೆಗಾರನಾಗಿ ಆಮೇಲೆ ಭಾವನಾದವನು. ಗೋದಾಮಿನ ಗದ್ದಲದಲ್ಲಿ ಬಾಯಿಮಾತು ನಡೆಯುವುದಿಲ್ಲ. ಅಲ್ಲಿ ಕೈಯದೇ ಭಾಷೆ. ತೋರುಬೆರಳನ್ನು ಕೆಳಮುಖವಾಗಿ ಸುತ್ತಿದರೆ "ಇಳಿಸು". ಚಿಟಿಕೆ ಉಪ್ಪು ಹಾಕುವಂತೆ ಬೆರಳಾಡಿಸಿದರೆ "ಕೂದಲೆಳೆಯಷ್ಟು". ಅಂಗೈ ಎತ್ತಿ ತೋರಿಸಿದರೆ "ನಿಲ್ಲು". ಇದರಲ್ಲಿ ಒಂದು ಕಟ್ಟುನಿಟ್ಟು. ಉಳಿದೆಲ್ಲ ಸನ್ನೆಗಳನ್ನು ಸನ್ನೆಗಾರನೊಬ್ಬನೇ ಕೊಡಬೇಕು; "ನಿಲ್ಲು" ಎಂಬುದನ್ನು ಮಾತ್ರ ಯಾರು ಬೇಕಾದರೂ ಕೊಡಬಹುದು. ಕಸ ಗುಡಿಸುವವನಾಗಲಿ, ದಾರಿ ತಪ್ಪಿ ಒಳಗೆ ಬಂದ ಅಪರಿಚಿತನಾಗಲಿ, ಕೈ ಎದ್ದಿತೋ ಕ್ರೇನು ನಿಲ್ಲಬೇಕು. ಸನ್ನೆಗಾರ ಮತ್ತೆ ಹೊಸದಾಗಿ ಸನ್ನೆ ಕೊಡುವ ತನಕ ಕದಲಬಾರದು. ಯಾಕೆ ಎತ್ತಿದೆ ಎಂದು ಕೇಳುವುದೆಲ್ಲ ಆಮೇಲಿನ ಮಾತು.

ಒಮ್ಮೆ ಗುಡಿಸುವವನೊಬ್ಬ ಆಕಳಿಸುತ್ತ ಮೈಮುರಿದು ಎರಡೂ ಕೈ ಮೇಲೆತ್ತಿದ್ದನಂತೆ. ಹದ್ದಣ್ಣ ತಕ್ಷಣ ನಿಲ್ಲಿಸಿದನು. ಉಕ್ಕಿನ ಸುರುಳಿ ನಡು ಆಕಾಶದಲ್ಲಿ ತೂಗುತ್ತಿದೆ. ಕೈ ಎತ್ತಿದವರು ಯಾರೆಂದು ಭಾವ ಹುಡುಕುತ್ತಿದ್ದಾನೆ. ಗುಡಿಸುವವನೂ ಪೊರಕೆ ಹಿಡಿದು ಎಲ್ಲರ ಜೊತೆ ಹುಡುಕುತ್ತಿದ್ದಾನೆ! ಈ ಕಥೆಯನ್ನು ಭಾವ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದನು. ಅದರ ಹಿಂದೆಯೇ ಹದ್ದಣ್ಣನ ಮಾತೂ ಇರುತ್ತಿತ್ತು: "ಇವನ ತಂಗೀನ ನೋಡೋಕೆ ಹೋದಾಗ್ಲೂ ಹಾಗೇ. ಒಳಬಾಗಿಲಲ್ಲಿ ನಿಂತು ಇವನು ಬೆರಳು ಸುತ್ತಿ 'ಇಳಿಸು, ಇಳಿಸು' ಅಂದ. ನಾನು ಸನ್ನೆ ಮೀರಿದವನಲ್ಲ, ಇಳಿದುಬಿಟ್ಟೆ. ಕೈ ಎತ್ತೋಕೆ ಅಲ್ಲಿ ಒಬ್ಬರೂ ಇರ್ಲಿಲ್ಲ ನೋಡಿ!"

"ಯಾರಾದ್ರೂ ಕೈ ಎತ್ತಿದ್ರೆ ನಾನು ಬಚಾವಾಗ್ತಿದ್ದೆ," ಎಂದು ಹೆಂಡತಿ ಒಳಗಿನಿಂದ ಸೇರಿಸುತ್ತಿದ್ದಳು.

ಹೀಗಿದ್ದವನ ಎಡಗಣ್ಣಿಗೆ ಒಂದು ಬೆಳಿಗ್ಗೆ ಮೇಲಿನಿಂದ ಕಪ್ಪು ಪರದೆ ಇಳಿದಂತಾಯಿತು. ಕಣ್ಣಿನ ಒಳಪೊರೆ ಕಿತ್ತುಬಂದಿದೆ ಎಂದರು ವೈದ್ಯರು. ಶಸ್ತ್ರಚಿಕಿತ್ಸೆ ಮಾಡಿದರು, ಪರದೆ ಏಳಲಿಲ್ಲ. ಬಲಗಣ್ಣೇನೋ ಚೆನ್ನಾಗಿತ್ತು. ಆದರೆ ವಸ್ತು ಎಷ್ಟು ದೂರದಲ್ಲಿದೆ ಎಂದು ಅಳೆಯುವುದಕ್ಕೆ ಎರಡು ಕಣ್ಣುಗಳ ಜೋಡಿ ಬೇಕಂತೆ. "ಹೋಗ್ತಾ ಹೋಗ್ತಾ ಮೆದುಳು ಕಲೀತದೆ. ಕೈಗೆ ಸಣ್ಣ ಸಣ್ಣ ಕೆಲಸ ಕೊಡ್ತಾ ಇರಿ," ಎಂದು ವೈದ್ಯರು ಹೇಳಿದರು. ಕ್ರೇನಿನ ಪರವಾನಗಿ ಅಂತೂ ಹೋಯಿತು.

ಗೋದಾಮಿನ ಮೇಲ್ವಿಚಾರಕಿ ಒಳ್ಳೆಯ ಹೆಂಗಸು. ಅವಳೇ ಮನೆಗೆ ಬಂದಿದ್ದಳು.

"ಕ್ರೇನಿಗೆ ಹೊಸಬರು ಬಂದಿದ್ದಾರೆ. ನೀವು ಏಣಿ ಹತ್ತೋದು ಬೇಡ, ಕೆಳಗೇ ಇದ್ದು ಅವರಿಗೆ ಕಲಿಸಿ. ತಿಂಗಳ ಕೊನೇ ಒಳಗೆ ಹೇಳಿ. ಆಗಲ್ಲ ಅಂದ್ರೆ ಹೊರಗಿನವರನ್ನ ಕರೆಸ್ಬೇಕಾಗ್ತದೆ."

ಹದ್ದಣ್ಣ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಆ ಗೋದಾಮಿನ ಗ್ರೀಸಿನ ವಾಸನೆ ಅವನಿಗೆ ತವರಿನಂತೆ. ಈಗ ಬೇಡವೆಂದರೆ ಇನ್ನೆಂದೂ ಆ ಬಾಗಿಲು ದಾಟುವಂತಿಲ್ಲ. ಆದರೆ ಲೋಟಕ್ಕೆ ಚಹಾ ಸುರಿಯಲು ಬಾರದವನು ಯಾವ ಮುಖ ಹೊತ್ತು ಹೊಸಬರ ಮುಂದೆ ನಿಲ್ಲುವುದು? ಭಾವ ನೋಡಲು ಬಂದಾಗಲೆಲ್ಲ ಅವನು ಮೂಗಿನ ತನಕ ಹೊದ್ದು ಗೊರಕೆ ಹೊಡೆದನು. ನಿಜವಾದ ಗೊರಕೆಗೆ ಅಷ್ಟು ಚೆನ್ನಾದ ತಾಳವಿರುವುದಿಲ್ಲ. ಭಾವನಿಗೆ ಅದು ತಿಳಿಯುತ್ತಿತ್ತು. "ಎದ್ದಾಗ ನಾನು ಬಂದಿದ್ದೆ ಅನ್ನು," ಎಂದು ತಂಗಿಗೆ ಗಟ್ಟಿಯಾಗಿ ಹೇಳಿ, ಚಪ್ಪಲಿ ಮೆಟ್ಟಿ ಹೊರಟುಹೋಗುತ್ತಿದ್ದನು.

ಇಂಥ ಹೊತ್ತಿನಲ್ಲಿ ಮಗಳು ಒಂದು ಪೆಟ್ಟಿಗೆ ತಂದಳು. ಅವಳಿಗೆ ಪುಸ್ತಕ, ಆಟಿಕೆಗಳ ಅಂಗಡಿಯಲ್ಲಿ ಕೆಲಸ. ಪೆಟ್ಟಿಗೆಯ ಒಂದು ಮೂಲೆ ಜಜ್ಜಿಹೋಗಿತ್ತೆಂದು ಯಾರೂ ಒಯ್ಯದೆ ಕಪಾಟಿನ ತುದಿಯಲ್ಲಿ ಬಿದ್ದುಕೊಂಡಿತ್ತಂತೆ. ಮೇಲೆ ಜಪಾನಿನ ಹಳೆಯ ಯುದ್ಧವಿಮಾನದ ಚಿತ್ರ: ಬೆನ್ನು ಕಡುಹಸಿರು, ಹೊಟ್ಟೆ ಬೂದು, ರೆಕ್ಕೆಗಳ ಮೇಲೆ ಕೆಂಪು ವೃತ್ತ, ಕೆಳಗೆ ನೀಲಿ ಸಮುದ್ರ. ಒಳಗೆ ವಿಮಾನವಿರಲಿಲ್ಲ, ವಿಮಾನದ ಬಿಡಿಭಾಗಗಳೆಲ್ಲ ಪ್ಲಾಸ್ಟಿಕ್ಕಿನ ಚೌಕಟ್ಟುಗಳಿಗೆ ಅಂಟಿಕೊಂಡು, ಬಳ್ಳಿಯಲ್ಲಿ ಬಿಟ್ಟ ಕಾಯಿಗಳಂತೆ ತೂಗುತ್ತಿದ್ದವು.

"ಅಪ್ಪಾ, ಡಾಕ್ಟ್ರು ಸಣ್ಣ ಕೆಲಸ ಕೊಡಿ ಅಂದಿದ್ರಲ್ಲ."

"ಇಷ್ಟು ಸಣ್ಣದಾ? ಆನೆ ಎತ್ತುತ್ತಿದ್ದವನ ಕೈಗೆ ಇರುವೆ ಕೊಡ್ತಿದ್ದೀಯಲ್ಲೇ!"

"ಆನೆ ಭಾರ ಆನೆಗೆ, ಇರುವೆ ಭಾರ ಇರುವೆಗೆ. ನೀವೇ ಹೇಳ್ತಿದ್ದ ಗಾದೆ."

ಅವನು ಕನ್ನಡಕ ಏರಿಸಿ ಪೆಟ್ಟಿಗೆಯೊಳಗಿನ ಹಾಳೆಯನ್ನು ಬಿಡಿಸಿದನು. ಬರಹವೆಲ್ಲ ಜಪಾನಿಯಲ್ಲಿತ್ತು, ಒಂದಕ್ಷರವೂ ತಿಳಿಯಲಿಲ್ಲ. ಚಿತ್ರಗಳ ನಡುವೆ ಬಾಣದ ಗುರುತುಗಳಿದ್ದವು. ಬಾಣದ ಭಾಷೆ ಅವನಿಗೆ ಚೆನ್ನಾಗಿ ಗೊತ್ತಿತ್ತು.

ಮೊದಲ ಕೆಲಸವೇನೋ ಪೈಲಟ್ಟಿನ ಆಸನ. ಉಗುರಿಗಿಂತ ದೊಡ್ಡದಲ್ಲ, ಅದರ ಬೆನ್ನಿನಲ್ಲಿ ಸಾಲಾಗಿ ತೂತುಗಳು. ನಿಜವಾದ ವಿಮಾನದಲ್ಲಿಯೂ ಭಾರ ಇಳಿಸಬೇಕೆಂದು ಹೀಗೆ ತೂತು ಕೊರೆದಿದ್ದರೆಂದು ಮಗಳು ಎಲ್ಲೋ ಓದಿ ಬಂದು ಹೇಳಿದಳು. ಜೀವಮಾನವಿಡೀ ಭಾರದ ಜೊತೆ ಸಂಸಾರ ಮಾಡಿದವನಿಗೆ ಆ ಮಾತು ಹಿಡಿಸಿತು. "ತೂಕದ ಬೆಲೆ ಗೊತ್ತಿದ್ದವರು," ಎಂದು ಮೆಚ್ಚಿಕೊಂಡನು. ಆದರೆ ಆಸನದ ಮೊಳೆಯನ್ನು ನೆಲದ ರಂಧ್ರಕ್ಕೆ ಕೂರಿಸಲು ಹೋದರೆ ಮೊಳೆ ಈಚೆ, ರಂಧ್ರ ಆಚೆ. ಮತ್ತೆ ಹೋದರೆ ಮೊಳೆ ಆಚೆ, ರಂಧ್ರ ಈಚೆ. ಕೊನೆಗೆ ಆಸನ ಚಿಮುಟದಿಂದ ಸಿಡಿದು ಎಲ್ಲಿಗೋ ಹಾರಿತು. ಜೀವಮಾನದಲ್ಲಿ ಒಂದು ಸುರುಳಿಯನ್ನೂ ಬೀಳಿಸದಿದ್ದವನು ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದನು.

"ತಗೊಂಡೋಗಿ ಯಾವ್ದಾದ್ರೂ ಮಗೂಗೆ ಕೊಟ್ಬಿಡಿ."

ಆಸನ ಹೆಂಡತಿಯ ಹೊಲಿಗೆ ಯಂತ್ರದ ಕೆಳಗೆ ಸಿಕ್ಕಿತು. ಅವಳು ಮನೆಯಲ್ಲಿಯೇ ಪರದೆಗಳನ್ನು ಹೊಲಿಯುತ್ತಿದ್ದಳು. ಅವಳ ಸುತ್ತ ಯಾವಾಗಲೂ ಬಟ್ಟೆಯ ಗುಡ್ಡ. ಆಸನವನ್ನು ಹೆಕ್ಕಲು ಬಗ್ಗಿದಾಗ ಮೊಣಕೈ ತಾಗಿ ನೂಲಿನ ಉಂಡೆಯೊಂದು ಮೇಜಿನಿಂದ ಜಾರಿತು. ಪೂರ್ತಿ ಬೀಳಲಿಲ್ಲ. ಎಳೆ ಯಂತ್ರದ ಕೊಕ್ಕೆಗೆ ಸಿಕ್ಕಿ, ಉಂಡೆ ನೆಲದಿಂದ ಒಂದು ಗೇಣು ಮೇಲೆ ತೂಗಾಡಿ, ತೂಗಾಡಿ, ನಿಧಾನವಾಗಿ ನಿಂತಿತು. ಕಿಟಕಿಯ ಬಿಸಿಲಿಗೆ ಅದರ ನೆರಳು ನೆಲದ ಮೇಲೆ ಬಿದ್ದಿತ್ತು.

ಹದ್ದಣ್ಣ ಬಾಗಿಲಲ್ಲಿಯೇ ನಿಂತುಬಿಟ್ಟನು.

"ಆ ನೂಲನ್ನ ಸ್ವಲ್ಪ ಕೆಳಗೆ ಬಿಡು."

"ಏನು?"

"ಬಿಡೇ, ನಿಧಾನಕ್ಕೆ."

ಅವಳು ಬಿಟ್ಟಳು. ಉಂಡೆ ಇಳಿಯುತ್ತಿದ್ದಂತೆ ಓರೆಯಾಗಿ ಬಿದ್ದಿದ್ದ ನೆರಳು ಅದರ ಕಡೆಗೆ ಜರುಗಿತು. ಉಂಡೆ ನೆಲ ಮುಟ್ಟುವುದಕ್ಕೂ ನೆರಳು ಬಂದು ಉಂಡೆಯನ್ನು ಕೂಡುವುದಕ್ಕೂ ಸರಿಹೋಯಿತು. ಅದನ್ನು ನೋಡಲು ಒಂದೇ ಕಣ್ಣು ಸಾಕಾಗಿತ್ತು.

ಅವನು ಹಾಸಿಗೆಯ ತುದಿಯಲ್ಲಿ ಕುಳಿತನು. ಅಷ್ಟು ಎತ್ತರದ ಕ್ಯಾಬಿನ್ನಿನಿಂದ ನೆಲ ಎಷ್ಟು ದೂರವೆಂದು ಎರಡು ಕಣ್ಣಿದ್ದಾಗಲಾದರೂ ಅವನಿಗೆಲ್ಲಿ ತಿಳಿಯುತ್ತಿತ್ತು? ಅಲ್ಲಿಂದ ನೋಡಿದರೆ ಎಲ್ಲವೂ ಚಪ್ಪಟೆಯೇ. ಅವನು ನೋಡುತ್ತಿದ್ದುದು ನೆರಳನ್ನು. ನಂಬುತ್ತಿದ್ದುದು ಭಾವನ ಕೈಯನ್ನು. ಇಷ್ಟು ವರ್ಷ ಮಾಡಿದ ಕೆಲಸ ಹೇಗೆ ಮಾಡಿದೆನೆಂಬುದನ್ನೇ ಮರೆತು, ಕಣ್ಣು ಹೋಯಿತೆಂದು ಮುಸುಕು ಹೊದ್ದು ಮಲಗಿದ್ದನಲ್ಲ!

"ಯಾಕ್ರೀ, ಏನಾಯ್ತು?"

"ಏನಿಲ್ಲ. ನಿನ್ನ ಹತ್ರ ಗಟ್ಟಿ ನೂಲು ಯಾವ್ದಿದೆ?"

ಮಾರನೆಯ ದಿನ ಅಡುಗೆಮನೆಯ ಮೇಜಿನ ಮೇಲೆ ಒಂದು ಕ್ರೇನು ಎದ್ದಿತು. ಎರಡು ಡಬ್ಬಿಗಳ ಮೇಲೆ ಅಡ್ಡಲಾಗಿ ಒಂದು ಮರದ ಅಳತೆಪಟ್ಟಿ. ಅದರ ಮೇಲೆ ಜಾರುವ ನೂಲಿನ ಉಂಡೆ. ಎಳೆಯ ತುದಿಗೆ ಗುಂಡುಸೂಜಿ ಬಗ್ಗಿಸಿ ಮಾಡಿದ ಕೊಕ್ಕೆ. ಒಂದು ಬದಿಯಲ್ಲಿ ಮೇಜುದೀಪ, ನೆರಳು ಬೀಳಲೆಂದು. ಎದುರಿಗೆ ಸ್ಟೂಲಿನ ಮೇಲೆ ಹೆಂಡತಿ, ಸನ್ನೆ ಕೊಡಲೆಂದು.

"ಮಾತಾಡಬಾರದು. ಕೈಯಲ್ಲೇ ಹೇಳ್ಬೇಕು."

"ನಾನು ಮಾತಾಡದೆ ಇರೋದಾ? ಇದು ನಿಮ್ಮ ಹಳೇ ಆಸೆ. ವಿಮಾನ ಬರೀ ನೆವ."

ಸನ್ನೆ ಕಲಿಯಲು ಅವಳು ಹೆಚ್ಚು ದಿನ ತೆಗೆದುಕೊಳ್ಳಲಿಲ್ಲ. ಹುಟ್ಟಿದ ಮನೆಯಲ್ಲಿ ಅಣ್ಣ ಊಟಕ್ಕೆ ಕುಳಿತಾಗಲೂ ಕೈಸನ್ನೆಯಲ್ಲೇ "ಇನ್ನಷ್ಟು, ಸಾಕು" ಎನ್ನುತ್ತಿದ್ದುದನ್ನು ನೋಡಿ ಬೆಳೆದವಳು. ಬೆರಳು ಸುತ್ತಿದಳು; ಅವನು ನೂಲು ಬಿಟ್ಟನು. ಚಿಟಿಕೆ ಆಡಿಸಿದಳು, ಅವನು ಉಸಿರು ಹಿಡಿದು ಒಂದೆಳೆ ಬಿಟ್ಟನು. ಆಸನ ತನ್ನ ನೆರಳಿನ ಮೇಲೆ ಕುಳಿತಿತು. ಟಕ್ ಎಂಬ ಸದ್ದು ಕೂಡ ಆಗಲಿಲ್ಲ.

"ಗೊತ್ತೇ ಆಗ್ಲಿಲ್ಲ!" ಎಂದಳು ಅವಳು, ಲಾರಿ ಚಾಲಕರ ಧ್ವನಿಯಲ್ಲಿ.

ಅಂದಿನಿಂದ ಮನೆಯ ಹವೆಯೇ ಬದಲಾಯಿತು. ಎಂಜಿನ್ನು ಕುಳಿತಿತು. ಪೈಲಟ್ಟಿನ ಸುತ್ತಲಿನ ಫಲಕಗಳು ಕುಳಿತವು. ಮೈಯ ಎರಡು ಹೋಳುಗಳನ್ನು ಕೂಡಿಸಲು ನೂಲು ಬೇಕಾಗಲಿಲ್ಲ. ಅಂಚಿಗೆ ಅಂಚು ತಾಗಿಸಿದರೆ ಬೆರಳಿಗೇ ತಿಳಿಯುತ್ತಿತ್ತು. ದಿನ ಕಳೆದಂತೆ ಸಣ್ಣಪುಟ್ಟ ತುಂಡುಗಳನ್ನು ಅವನು ನೂಲಿಲ್ಲದೆಯೇ ಕೂರಿಸತೊಡಗಿದನು. ವೈದ್ಯರು ಹೇಳಿದಂತೆ ಮೆದುಳು ಹೊಸ ಲೆಕ್ಕ ಕಲಿಯುತ್ತಿತ್ತೋ, ಅಥವಾ ಮನಸ್ಸಿಗೆ ಗೆಲುವು ಬಂದಿತ್ತೋ, ಅಂತೂ ಚಹಾ ಹತ್ತರಲ್ಲಿ ಎಂಟು ಸಲ ಲೋಟದೊಳಗೇ ಬೀಳುತ್ತಿತ್ತು. ಬಣ್ಣ ಬಳಿಯುವುದನ್ನು ಮಗಳು ವಹಿಸಿಕೊಂಡಳು. ರೆಕ್ಕೆಯ ಕೆಂಪು ವೃತ್ತಗಳು ತೆಳುವಾದ ಹಾಳೆಯ ಮೇಲಿದ್ದವು. ನೀರಿನಲ್ಲಿ ನೆನೆಸಿ ಜಾರಿಸಿ ಅಂಟಿಸಬೇಕು. ಆ ಕೆಲಸ ಹೆಂಡತಿಯದಾಯಿತು. "ನಾಜೂಕಿನದೆಲ್ಲ ನಂಗೆ, ಹೆಸರು ಮಾತ್ರ ನಿಮಗೆ," ಎಂದು ಅವಳು ಗೊಣಗಿದರೂ ಪರದೆ ಹೊಲಿಯಲು ಕೊಟ್ಟವರು ಬಂದು ಬಾಗಿಲು ತಟ್ಟುವ ತನಕ ಮೇಜು ಬಿಟ್ಟು ಏಳುತ್ತಿರಲಿಲ್ಲ.

ಹದ್ದಣ್ಣ ಮನಸ್ಸಿನಲ್ಲಿಯೇ ಒಂದು ಪಣ ತೊಟ್ಟಿದ್ದನು. ಯಾರಿಗೂ ಹೇಳಿರಲಿಲ್ಲ, ಹೆಂಡತಿಗೆ ಹೇಳದೆಯೇ ತಿಳಿದಿತ್ತು. ವಿಮಾನದ ರೆಕ್ಕೆ ನೆಟ್ಟಗೆ ಕುಳಿತರೆ ಗೋದಾಮಿಗೆ ಹೋಗಿ ಹೂಂ ಎನ್ನುವುದು. ಸೊಟ್ಟಗಾದರೆ ಇಲ್ಲ. ತಿಂಗಳ ಕೊನೆ ಹತ್ತಿರವಾಗಿತ್ತು.

ರೆಕ್ಕೆಯೆಂದರೆ ಅದರಲ್ಲಿ ಎರಡಿಲ್ಲ. ಎಡದ ತುದಿಯಿಂದ ಬಲದ ತುದಿಯವರೆಗೆ ಒಂದೇ ತುಂಡು. ವಿಮಾನದ ಮೈಯನ್ನು ಬೆನ್ನಡಿಯಾಗಿ ಮಲಗಿಸಿ, ರೆಕ್ಕೆಯನ್ನು ಮೇಲಿನಿಂದ ಅದರ ಹೊಟ್ಟೆಯ ಮೇಲೆ ಇಳಿಸಬೇಕು. ಎರಡೂ ಬದಿ ಒಟ್ಟಿಗೇ ತಾಗಬೇಕು. ಅಂಟು ಕೂಡ ಸಾಮಾನ್ಯದ್ದಲ್ಲ. ಪ್ಲಾಸ್ಟಿಕ್ಕನ್ನೇ ಕರಗಿಸಿ ಒಂದರೊಳಗೊಂದನ್ನು ಬೆಸೆಯುವಂಥದ್ದು. ಹಚ್ಚಿದ ಮೇಲೆ ಹತ್ತು ಉಸಿರು ಎಳೆಯುವಷ್ಟರಲ್ಲಿ ಹಿಡಿದುಬಿಡುತ್ತದೆ. ಆಮೇಲೆ ಕಿತ್ತರೆ ಮುರಿಯುತ್ತದೆ.

ಆ ಸಂಜೆ ಹದ್ದಣ್ಣ ಕೈ ತೊಳೆದು, ದೀಪ ಸರಿಮಾಡಿ, ರೆಕ್ಕೆಯ ಸಮತೂಕ ನೋಡಿ ನೂಲು ಕಟ್ಟಿದನು. ಹೆಂಡತಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಸ್ಟೂಲಿನ ಮೇಲೆ ಕುಳಿತಳು. ಅವನು ಹೊಟ್ಟೆಯ ಅಂಚಿಗೆ ಅಂಟು ಸವರಿದನು. ಅವಳು ಬೆರಳು ಸುತ್ತಿದಳು. ರೆಕ್ಕೆ ಇಳಿಯಿತು. ನೆರಳು ಹತ್ತಿರ ಬಂದಿತು. ಚಿಟಿಕೆ. ಇನ್ನೂ ಹತ್ತಿರ. ಮತ್ತೆ ಚಿಟಿಕೆ. ಬಲಬದಿ ತಾಗಿತು. ಎಡಬದಿಗೆ ಇನ್ನು ಕೂದಲೆಳೆಯಷ್ಟೇ ಉಳಿದಿತ್ತು.

ಬಾಗಿಲು ತೆರೆಯಿತು.

"ಅಮ್ಮಾ, ಬಂದೆ!" ಮಗಳು ಕೈ ಎತ್ತಿ ಬೀಸಿದಳು.

ಹದ್ದಣ್ಣ ನಿಂತನು.

ಬೆರಳು, ಭುಜ, ಉಸಿರು ಎಲ್ಲವೂ ನಿಂತವು. ಕಣ್ಣು ಎದುರಿನ ಸನ್ನೆಗಾರ್ತಿಯ ಕೈಯ ಮೇಲೆಯೇ ಇತ್ತು. ಅವಳೋ ಮಗಳ ಕಡೆ ತಿರುಗಿ, "ಇಷ್ಟು ಬೇಗ ಬಂದ್ಯಾ? ಕಾಲು ತೊಳ್ಕೊ, ಚಪ್ಪಲಿ ಅಲ್ಲೇ ಬಿಡು" ಎನ್ನುತ್ತಿದ್ದಳು. ಅವಳು ಮತ್ತೆ ತಿರುಗಿ, ಗಾಬರಿಯಿಂದ ಚಿಟಿಕೆಯ ಮೇಲೆ ಚಿಟಿಕೆ ಆಡಿಸಿದಾಗ ಅವನು ನೂಲು ಬಿಟ್ಟನು. ನೂಲು ಸಡಿಲವಾಯಿತು, ರೆಕ್ಕೆ ಕದಲಲಿಲ್ಲ. ಅಂಟು ಹಿಡಿದಾಗಿತ್ತು.

ವಿಮಾನವನ್ನು ನೆಟ್ಟಗೆ ತಿರುಗಿಸಿ ಮೇಜಿನ ಮೇಲಿಟ್ಟರು. ಒಂದು ರೆಕ್ಕೆ ಭೂಮಿ ನೋಡುತ್ತಿತ್ತು, ಇನ್ನೊಂದು ಆಕಾಶ ನೋಡುತ್ತಿತ್ತು. ಹೆಗಲಿನ ಮೇಲೆ ಕೊಡ ಹೊತ್ತವಳು ಒಂದು ಬದಿಗೆ ವಾಲಿ ನಡೆದಂತೆ.

ಮಗಳ ಕಣ್ಣು ತುಂಬಿತು. "ನಾನು ಕೈ ಎತ್ತಬಾರದಿತ್ತು ಅಪ್ಪಾ."

"ನಿಂದೇನು ತಪ್ಪಲ್ಲ ಮಗಾ," ಎಂದನು ಹದ್ದಣ್ಣ, ನೂಲನ್ನು ಉಂಡೆಗೆ ಸುತ್ತುತ್ತ. "ಬೇರೆಯವನಾಗಿದ್ರೆ ಉಳಿದದ್ದನ್ನ ಇಳಿಸಿಬಿಡ್ತಿದ್ದ. ನಂಗೆ ಆಗ್ಲಿಲ್ಲ. ಆ ಕೆಲಸ ನನ್ನಿಂದ ಆಗೋದಲ್ಲ ಅಂತ ವಿಮಾನವೇ ಹೇಳ್ಬಿಡ್ತು." ಹೆಂಡತಿಯ ಕಡೆ ತಿರುಗಿ, "ನಿಮ್ಮಣ್ಣನಿಗೆ ಫೋನ್ ಮಾಡು. ಹೊರಗಿನವರನ್ನೇ ಕರೆಸ್ಕೊಳ್ಳಿ ಅಂತ ಗೋದಾಮಿನ ಆ ಅಮ್ಮನಿಗೆ ಹೇಳ್ಬಿಡ್ಲಿ," ಎಂದನು.

ಹೆಂಡತಿ ಫೋನ್ ಮಾಡಿದಳು. ಆದರೆ ಅವಳು ಹೇಳಿದ್ದು ಬೇರೆ: "ಅಣ್ಣಾ, ಬೆಳಿಗ್ಗೆ ಬಾ. ನಾನು ಬಾಗಿಲು ತೆಗೆದೇ ಇಟ್ಟಿರ್ತೀನಿ, ಅವರಿಗೆ ಮಲಗೋಕೆ ಪುರಸೊತ್ತು ಕೊಡಲ್ಲ."

ಬೆಳಿಗ್ಗೆ ಭಾವ ಒಳಗೆ ಬಂದಾಗ ಹದ್ದಣ್ಣ ಮೇಜಿನ ಮುಂದೆಯೇ ಕುಳಿತಿದ್ದನು. ಹೊದಿಕೆ ದೂರದಲ್ಲಿತ್ತು. ಭಾವ ಕುರ್ಚಿ ಎಳೆದುಕೊಂಡು ಕುಳಿತು, ಮೊದಲು ಅವನನ್ನು, ಆಮೇಲೆ ವಿಮಾನವನ್ನು ನೋಡಿದನು.

"ಗೊರಕೆ ಎಲ್ಲಿ ಹದ್ದಣ್ಣ? ಕೇಳ್ಕೊಂಡು ಹೋಗೋಣ ಅಂತ ಬಂದೆ."

"ಇವತ್ತು ರಜೆ."

"ಇದೇನಿದು, ಗಾಳಿಗೆ ಸಿಕ್ಕಿದ ಕೊಡೆಯಂಗಾಗಿದೆ?"

ಮಗಳೇ ಹೇಳಿದಳು: ನೂಲು, ದೀಪ, ನೆರಳು, ಅಮ್ಮನ ಸನ್ನೆ, ಕೊನೆಯಲ್ಲಿ ತಾನು ಬಾಗಿಲಲ್ಲಿ ಕೈ ಬೀಸಿದ್ದು.

ಭಾವನ ನಗು ಅರ್ಧಕ್ಕೆ ನಿಂತಿತು. "ಇರು, ಇರು. ಅಂಟು ಹಚ್ಚಾಗಿತ್ತಾ?"

"ಹೂಂ ಮಾಮ."

"ಒಂದು ಬದಿ ತಾಗಿತ್ತಾ?"

"ತಾಗಿತ್ತು. ಇನ್ನೊಂದು ಬದಿಗೆ ಇಷ್ಟೇ ಇಷ್ಟು ಉಳಿದಿತ್ತಂತೆ." ಅವಳು ಚಿಟಿಕೆ ತೋರಿಸಿದಳು.

ಭಾವ ಹದ್ದಣ್ಣನ ಕಡೆ ತಿರುಗಿದನು. "ಇಳಿಸಿದ್ರೆ ಕೂತಿರ್ತಿತ್ತು ಅಂತ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು. ನೆರಳು ಕಾಣ್ತಿತ್ತು."

"ನಿಂತ್ರೆ ಅಂಟು ಹಿಡೀತದೆ ಅಂತಾನೂ ಗೊತ್ತಿತ್ತಾ?"

"ಗೊತ್ತಿತ್ತು ಕಣೋ."

"ಮತ್ತೆ ಯಾಕೆ ನಿಂತೆ?"

ಹದ್ದಣ್ಣ ಇದೆಂಥ ಪ್ರಶ್ನೆ ಎಂಬಂತೆ ನೋಡಿದನು. "ಕೈ ಎದ್ದಿತ್ತಲ್ಲ."

ಭಾವ ಎರಡೂ ಕೈಗಳಿಂದ ಮುಖ ಒರೆಸಿಕೊಂಡನು. ಆಮೇಲೆ ಮೆಲ್ಲಗೆ ಮಾತು ತೆಗೆದನು. ಹೊಸಬನೊಬ್ಬನಿದ್ದಾನೆ, ಚುರುಕು ಕೈ, ಹದ್ದಿನಂಥ ಕಣ್ಣು. ಮೊನ್ನೆ ಅವನು ಸುರುಳಿ ಇಳಿಸುತ್ತಿದ್ದಾಗ ಲಾರಿಯ ಹಿಂದಿನಿಂದ ಯಾರೋ ಕೈ ಎತ್ತಿದರು. ಅವನಿಗೆ ಕಂಡಿತ್ತು. ಆದರೂ ಒಂದು ಗೇಣು ತಾನೇ ಉಳಿದದ್ದು ಎಂದು ಇಳಿಸಿಯೇ ಬಿಟ್ಟನು. ಏನೂ ಆಗಲಿಲ್ಲ. ಕೈ ಎತ್ತಿದವನು ಸುರುಳಿಯ ಕೆಳಗೆ ಬಿದ್ದ ಕೈಗವಸು ಹೆಕ್ಕಲು ಹೊರಟಿದ್ದನಂತೆ, ಇನ್ನೂ ಕೈ ಹಾಕಿರಲಿಲ್ಲ, ಅಷ್ಟೇ.

"ಬೈದೆ. 'ಆಗೇಹೋಗಿತ್ತಲ್ಲ ಸಾರ್, ಇನ್ನೇನು ಮುಟ್ತಿತ್ತು' ಅಂದ. ಎಲ್ಲರೂ ಹಾಗೇ ಕಣೋ. ದೂರ ಇರೋವಾಗ ಎಲ್ಲರೂ ನಿಲ್ತಾರೆ. ಇನ್ನೇನು ಮುಟ್ತದೆ ಅನ್ನೋವಾಗ ನಿಲ್ಲೋನು ಬೇಕು. ಅದನ್ನ ಹೇಳಿ ಹೇಳಿ ನನ್ನ ಬಾಯಿ ಒಣಗಿಹೋಯ್ತು. ನೀನು ಇಲ್ಲಿ, ಅಡುಗೆಮನೇಲಿ, ನಿನ್ನದೇ ರೆಕ್ಕೆ ಹಾಳಾಗ್ತದೆ ಅಂತ ಗೊತ್ತಿದ್ದೂ ನಿಂತಿದ್ದೀಯ. ಅಷ್ಟು ಮಾಡಿ, ನನಗೆ ಬರಲ್ಲ ಅಂತ ಮುಸುಕು ಎಳ್ಕೊಳ್ತೀಯಲ್ಲ! ಕಣ್ಣು ಹೋದದ್ದು ಒಂದೇ ತಾನೆ? ಬುದ್ಧಿಯನ್ನೂ ಡಾಕ್ಟ್ರು ಇಟ್ಕೊಂಡ್ರಾ?"

"ಅಣ್ಣಾ," ಎಂದಳು ಹೆಂಡತಿ.

"ನೀನು ಸುಮ್ನಿರು. ಸನ್ನೆಗಾರ್ತಿ ಆದೋಳು ಕೆಲಸದ ಮಧ್ಯೆ ಚಪ್ಪಲಿ ವಿಷಯ ಮಾತಾಡ್ತಾರಾ? ಗೋದಾಮಲ್ಲಾಗಿದ್ರೆ ಮನೆಗೆ ಕಳಿಸ್ತಿದ್ದೆ."

"ನಾನು ಮನೇಲೇ ಇದ್ದೀನಿ."

ಮೊದಲು ನಕ್ಕವನು ಹದ್ದಣ್ಣ. ಬಹಳ ದಿನಗಳಿಂದ ಒಳಗೆ ಸಿಕ್ಕಿಕೊಂಡಿದ್ದ ನಗು. ಬಂದದ್ದೇ ತಡ ಕೆಮ್ಮಾಗಿ, ಕಣ್ಣೀರಾಗಿ ಹರಿಯಿತು. ಬೆಳಕಿಲ್ಲದ ಕಣ್ಣಿನಿಂದಲೂ ನೀರು ಇಳಿಯಿತು. ಅವನು ಅದನ್ನು ಒರೆಸಿಕೊಂಡು, ಚಹಾದ ಪಾತ್ರೆ ಎತ್ತಿ ಭಾವನ ಲೋಟದ ಮೇಲೆ ಬಗ್ಗಿಸಿದನು. ಭಾವ ಅಭ್ಯಾಸಬಲದಿಂದ ಬೆರಳು ಸುತ್ತಿದನು. ಚಿಟಿಕೆ. ಅಂಗೈ. ಚಹಾ ನಿಂತಿತು.

"ಅರ್ಧ ಲೋಟಕ್ಕೇ ಕೈ ಎತ್ತಿದ್ಯಲ್ಲೋ?"

"ಸಕ್ಕರೆ ಹಾಕಿಲ್ಲ ನೋಡು, ಅದಕ್ಕೆ ಎತ್ತಿದೆ. ಯಾಕೆ ಎತ್ತಿದೆ ಅನ್ನೋದು ಆಮೇಲಿನ ಮಾತು ಅಂತ ನೀನೇ ಹೇಳ್ತೀಯ."

ಆ ವಾರವೇ ಹದ್ದಣ್ಣ ಗೋದಾಮಿನ ಬಾಗಿಲು ದಾಟಿದನು. ಒಂದು ಕೈಯಲ್ಲಿ ಹಳೆಯ ಬುತ್ತಿಯ ಚೀಲ, ಇನ್ನೊಂದರಲ್ಲಿ ಮೂಲೆ ಜಜ್ಜಿದ ಆ ಪೆಟ್ಟಿಗೆ. ಗ್ರೀಸಿನ ವಾಸನೆ ಮೂಗಿಗೆ ಬಡಿದಾಗ ಒಂದು ಗಳಿಗೆ ನಿಂತು, ಮೇಲೆ ಸೂರಿನ ಕೆಳಗೆ ತೂಗುತ್ತಿದ್ದ ತನ್ನ ಗಾಜಿನ ಗೂಡನ್ನು ನೋಡಿದನು. ಅಲ್ಲಿಗೆ ಇನ್ನು ಹತ್ತುವುದಿಲ್ಲ. ಅದು ನೋವಿನ ಮಾತೇ. ಆದರೆ ಕಾಲು ಹಿಂದೆ ಸರಿಯಲಿಲ್ಲ.

ಮೇಲ್ವಿಚಾರಕಿ ಅವನಿಗೆ ಉಪಕರಣಗಳ ಕೋಣೆಯನ್ನು ಬಿಟ್ಟುಕೊಟ್ಟಿದ್ದಳು. ಮೇಜಿನ ಮೇಲೆ ಅಳತೆಪಟ್ಟಿ, ನೂಲಿನ ಉಂಡೆ, ದೀಪ. ನೂಲಿನ ತುದಿಗೆ ಹಸಿರು ವಿಮಾನ, ಮೂರೂ ಚಕ್ರಗಳ ಸಮೇತ. ಕೆಳಗೆ ಸೀಮೆಸುಣ್ಣದಲ್ಲಿ ಬರೆದ ಒಂದು ಚೌಕ. ಹೊಸಬರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚುರುಕು ಕೈಯವನೆಂದು ಭಾವ ಹೇಳಿದ್ದವನು ತಡೆಯಲಾರದೆ ಕೇಳಿಯೇಬಿಟ್ಟನು.

"ಸಾರ್, ನಾವು ಆಟ ಆಡೋಕೆ ಬಂದಿದ್ದೀವಾ?"

"ಹೌದಪ್ಪ. ಗೆದ್ದವನು ಏಣಿ ಹತ್ತಬಹುದು. ಬಾ, ಇದನ್ನ ಚೌಕದೊಳಗೆ ಇಳಿಸು. ಸನ್ನೆ ಅವರು ಕೊಡ್ತಾರೆ."

ಎದುರಿಗೆ ನಿಂತ ಭಾವ ಬೆರಳು ಸುತ್ತಿದನು. ಹೊಸಬನ ಕೈ ನಿಜಕ್ಕೂ ಚುರುಕು. ವಿಮಾನ ಅಲುಗದೆ ಇಳಿಯಿತು. ಚಿಟಿಕೆ. ಚಕ್ರಗಳು ತಮ್ಮ ನೆರಳನ್ನು ಇನ್ನೇನು ಮುಟ್ಟಬೇಕು. ಆಗ ಕೋಣೆಯ ಮೂಲೆಯಲ್ಲಿ ಗೋಡೆಗೊರಗಿ ನಿಂತಿದ್ದ ಹದ್ದಣ್ಣ ಸದ್ದಿಲ್ಲದೆ ಅಂಗೈ ಎತ್ತಿದನು. ಹೊಸಬ ನೋಡಿದನು. ನೋಡಿಯೂ ಇಳಿಸಿದನು. ವಿಮಾನ ಚೌಕದ ನಟ್ಟನಡುವೆ ಕುಳಿತಿತ್ತು. ಅವನು ಗೆದ್ದವನಂತೆ ನಕ್ಕನು.

"ಮತ್ತೆ," ಎಂದನು ಹದ್ದಣ್ಣ.

"ಸರಿಯಾಗೇ ಕೂತಿದೆಯಲ್ಲ ಸಾರ್!"

"ಕೂತಿದೆ. ಮತ್ತೆ."

ಎರಡನೆಯ ಸಲವೂ ಹಾಗೆಯೇ ಆಯಿತು. ಮೂರನೆಯ ಸಲ ಹೊಸಬನ ನಗು ಮಾಯವಾಗಿತ್ತು. ಈಗ ಅವನು ವಿಮಾನವನ್ನು ಸರಿಯಾಗಿ ನೋಡಿದನು.

"ಸಾರ್, ಇದರ ರೆಕ್ಕೆ ಯಾಕೆ ಸೊಟ್ಟಗಿದೆ?"

"ಅದನ್ನ ನೀನು ನಿಂತ ದಿನ ಹೇಳ್ತೀನಿ."

ಭಾವ ನಗು ನುಂಗಿಕೊಂಡು ಬೆರಳು ಸುತ್ತಿದನು. ವಿಮಾನ ಇಳಿಯಿತು. ನೆರಳು ಮೇಜಿನ ಮೇಲೆ ಜರುಗುತ್ತ ಚಕ್ರಗಳ ಹತ್ತಿರ ಬಂದಿತು, ಇನ್ನೂ ಹತ್ತಿರ, ಕೂದಲೆಳೆಯಷ್ಟು. ಮೂಲೆಯಲ್ಲಿ ಕೈ ಎದ್ದಿತು. ಹೊಸಬನ ಬೆರಳುಗಳು ನೂಲನ್ನು ಬಿಗಿಯಾಗಿ ಹಿಡಿದವು. ಹಣೆಯಲ್ಲಿ ಬೆವರು ಮೂಡಿತು. ಸೊಟ್ಟ ರೆಕ್ಕೆಯ ವಿಮಾನ ತನ್ನ ನೆರಳಿನ ಮೇಲೆ, ಮುಟ್ಟದೆ, ಹಾಗೆಯೇ ನಿಂತಿತು.